ಪದಚರ್ಚೆ: ‘ಪರಿತ್ಯಕ್ತ’ ಬೇಡ, ‘ಬಿಸಾಡಿದ’ ಸಾಲದು. ಮತ್ತೇನು? (ತುರ್ತು)

ಎಲ್ಲರಿಗೂ ನಮಸ್ಕಾರ.

ಗೆಳತಿಯೊಬ್ಬಳು ಬೆಂಗಳೂರಿನ ಬೀದಿಬದಿಯಲ್ಲಿ ಬಿದ್ದಿರುವ ದಿನಬಳಕೆಯ ಸಾಮಾನುಗಳ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ಬೆಳಕು ಹೊಂದಿಸಿ ಪ್ರದರ್ಶನಕ್ಕೆ ಇಡುತ್ತಿದ್ದಾಳೆ. ಗೋಡೆಯ ಫಲಕ ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ‘ಅಬ್ಯಾಂಡನ್ಡ್’ ಎಂಬುದಕ್ಕೆ ನಿಘಂಟು ‘ಪರಿತ್ಯಕ್ತ’ ಎನ್ನುತ್ತದೆ. ಒಂಟಿ ಹವಾಯಿ ಚಪ್ಪಲಿಯನ್ನು ಹಾಗೆ ಕರೆದರೆ ಅದು ಶಕುಂತಲೆಯ ಗತ್ತಿಗೆ ಏರಿಬಿಡುತ್ತದೆ. ‘ಎಡಿಟಿಂಗ್’ಗೆ ‘ಸಂಪಾದನೆ’ ಎಂದರೆ, ಎಷ್ಟು ಸಂಪಾದನೆ ಆಯಿತು ಎಂದು ಕೇಳುತ್ತಾರೆ. ‘ಸಂಕಲನ’ವನ್ನು ಸಿನಿಮಾದವರು ಆಗಲೇ ಹಿಡಿದುಕೊಂಡಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

*

ಬಿಸಾಡಿದ ವಸ್ತುಗಳು. ತಿದ್ದಿದ ಚಿತ್ರಗಳು. ಇಷ್ಟಕ್ಕೆ ಇಷ್ಟುದ್ದ ಪತ್ರ ಬೇಕಿತ್ತೇ?

*

‘ವಸ್ತು’, ‘ಚಿತ್ರ’ ಎರಡೂ ಸಂಸ್ಕೃತ. ‘ಎಸೆದೊಡವೆಗಳ ತಿಟ್ಟ’ ಎನ್ನಿ. ತತ್ಸಮದ ಹಂಗಿಲ್ಲದೆ ಆಂಡಯ್ಯ ಇಡೀ ಕಾವ್ಯವನ್ನೇ ಬರೆದ. ನಿಮಗೆ ಒಂದು ಫಲಕ ಬರೆಯಲು ಆಗದೇ?

*

ಹಳಗನ್ನಡದಲ್ಲಿ ಒಡವೆ ಎಂದರೆ ವಸ್ತು, ಸ್ವತ್ತು. ಒಪ್ಪಿದೆ. ಇಂದಿನ ಓದುಗ ‘ಎಸೆದೊಡವೆ’ ಎಂದು ಓದಿದ ಕೂಡಲೇ ಬಂಗಾರ ಹುಡುಕಲು ಹೊರಡುತ್ತಾನೆ. ಇನ್ನು, 13ನೆಯ ಶತಮಾನದ ಆಂಡಯ್ಯ ತತ್ಸಮವನ್ನು ಬಿಟ್ಟನೇ ಹೊರತು ತದ್ಭವವನ್ನು ಬಿಡಲಿಲ್ಲ. ಅವನನ್ನು ಪ್ರತಿ ಜಗಳಕ್ಕೂ ಸಾಕ್ಷಿಗೆ ಎಳೆದು ತರಬೇಡಿ.

ಪ್ರಶ್ನೆಗೆ ಬರುತ್ತೇನೆ. ಫೋಟೊದಲ್ಲಿ ಏನೇನಿದೆ ಎಂದು ಮೊದಲು ನೋಡಿ. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನು ಯಾರೋ ಬಿಸಾಡಿದ್ದಾರೆ, ಸರಿ. ಆದರೆ ಅರಳಿಕಟ್ಟೆಯ ಮೇಲೆ ಒರಗಿಸಿಟ್ಟ ದೇವರ ಪಟ? ಗಾಜು ಒಡೆದಿದೆ, ಚೌಕಟ್ಟಿನ ಮೂಲೆಯಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿದೆ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸಕ್ಕೆ ಹಾಕಲು ಮನಸ್ಸಿಲ್ಲ. ಅದಕ್ಕೇ ತಂದು ಇಟ್ಟು ಹೋಗಿದ್ದಾರೆ. ಅದನ್ನು ಬಿಸಾಡಿದ್ದು ಎನ್ನುವುದು ಸುಳ್ಳು, ಆ ಮನೆಯವರ ಮೇಲೆ ಅಪವಾದ ಕೂಡ. ಮಿಕ್ಸಿ ಬಂದ ಮೇಲೆ ಕಾಂಪೌಂಡಿನ ಹೊರಗೆ ಕುಳಿತ ಒರಳುಕಲ್ಲನ್ನಂತೂ ಎಸೆಯುವುದು ಯಾರ ಕೈಲಾಗುತ್ತದೆ? ಪೊಲೀಸ್ ಠಾಣೆಯ ಮುಂದೆ ತುಕ್ಕು ಹಿಡಿಯುವ ಬೈಕು ‘ವಾರಸುದಾರರಿಲ್ಲದ’ ವಾಹನ. ‘ಪಾಳು’ ಮನೆಗೆ, ಬಾವಿಗೆ ಸಲ್ಲುತ್ತದೆ, ಚಪ್ಪಲಿಗೆ ಸಲ್ಲದು. ಎಲ್ಲವನ್ನೂ ಒಂದೇ ಮಾತಿನಲ್ಲಿ ಹಿಡಿಯಬೇಕೆಂದರೆ ‘ಬಿಟ್ಟುಹೋದ’ ಎನ್ನಿ. ಮರೆತು ಬಿಟ್ಟದ್ದು, ಬೇಡವೆಂದು ಬಿಟ್ಟದ್ದು, ಭಕ್ತಿಯಿಂದ ಬಿಟ್ಟದ್ದು ಮೂರೂ ಅದರೊಳಗೆ ಬರುತ್ತವೆ.

‘ತಿದ್ದಿದ’ ಎಂಬುದಕ್ಕೆ ನನ್ನ ಆಕ್ಷೇಪಣೆ ಇಲ್ಲ. ತಿದ್ದುವುದೆಂದರೆ ತಪ್ಪು ಸರಿಪಡಿಸುವುದಷ್ಟೇ ಅಲ್ಲ. ಹಣೆಗೆ ತಿಲಕ ತಿದ್ದುತ್ತೇವೆ, ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುತ್ತೇವೆ. ಅಂಚು ಕತ್ತರಿಸಿದ್ದು, ನೆರಳು ಗಾಢ ಮಾಡಿದ್ದು ಅದರೊಳಗೆ ಬಂತು. ಆದರೆ ಹಿನ್ನೆಲೆಯಲ್ಲಿ ತೂಗುವ ಕೇಬಲ್ ತಂತಿಯನ್ನು ಅಳಿಸಿದ್ದರೆ ‘ಅಳಿಸಿದೆ’ ಎಂದೇ ಬರೆಯಿರಿ. ಅಲ್ಲಿ ‘ತಿದ್ದಿದೆ’ ಎನ್ನುವುದು ಜಾಣತನ.

*

‘ಸಾಮಾನು’ ಪಾರಸಿ. ‘ವಾರಸು’ ಅರಬ್ಬಿ. ಕನ್ನಡ ಎಲ್ಲಿದೆ?

*

‘ರಸ್ತೆ’ಯೂ ಪಾರಸಿ. ಇವತ್ತಿನಿಂದ ಗದ್ದೆಯಲ್ಲಿ ನಡೆಯಿರಿ.

*

ಇದೇ ಉಡಾಫೆಯಿಂದ ಭಾಷೆ ಕೆಡುತ್ತಿರುವುದು. ಅಂಗಡಿಯ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಕಾನೂನು ಬಂತು. ಬೋರ್ಡುಗಳ ಮೇಲೆ ಬಂದದ್ದು ಕನ್ನಡ ಲಿಪಿಯಲ್ಲಿ ಇಂಗ್ಲಿಷು. ಲಿಪಿ ಉಳಿದರೆ ಸಾಕೇ?

*

ಅದಕ್ಕೆ ಬೇರೆ ಎಳೆ ಆರಂಭಿಸಿ. ಒಂಟಿ ಚಪ್ಪಲಿಯ ಮೇಲೆ ನಾಡಿನ ಭಾರ ಹೊರಿಸಬೇಡಿ.

*

ಎಲ್ಲರಿಗೂ ಧನ್ಯವಾದಗಳು. ‘ಬಿಟ್ಟುಹೋದ ಸಾಮಾನು: ತೆಗೆದು ತಿದ್ದಿದ ಫೋಟೊಗಳು’ ಎಂದು ಮುದ್ರಣಕ್ಕೆ ಕಳುಹಿಸಿದ್ದೇನೆ. ಕೇಬಲ್ ವಿಚಾರ ಗೆಳತಿಯನ್ನು ಕೇಳಿದೆ. ಎರಡು ಚಿತ್ರಗಳಲ್ಲಿ ಅಳಿಸಿದ್ದಾಳಂತೆ. ಅವುಗಳ ಕೆಳಗೆ ಹಾಗೆಯೇ ಬರೆಯಲು ಒಪ್ಪಿದ್ದಾಳೆ, ಸ್ವಲ್ಪ ಮುನಿಸಿನಿಂದ.