ಪದಚರ್ಚೆ: ‘ಅಣಕು ಪ್ರದರ್ಶನ’ ಬಿಟ್ಟು ಬೇರೆ ಮಾತು ಇದೆಯಾ?

ಗೆಳೆಯರೇ, ಹಿರಿಯರೇ,

ಒಂದು ಪದ ಸುಮಾರು ದಿನದಿಂದ ತಲೆ ತಿನ್ನುತ್ತಿದೆ. ನೆರೆ, ಗುಡ್ಡ ಕುಸಿತ, ಬೆಂಕಿ ಇಂಥವು ಬಂದಾಗ ಊರ ಮಟ್ಟದಲ್ಲಿ ಯಾರು ಏನು ಮಾಡಬೇಕು ಅಂತ ಪಂಚಾಯಿತಿ ಸಿಬ್ಬಂದಿಗೆ ತರಬೇತಿ ಕೊಡುತ್ತಾರಲ್ಲ, ಅದಕ್ಕೆ ಕನ್ನಡದ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ತನ್ನ ಅಧಿಕಾರಿಗಳೂ ನೌಕರರೂ ಈ ತರಬೇತಿ ಪಡೆಯುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯದೇ ಹೊಣೆ. ಅಂದರೆ ನನ್ನ ಓದುಗರು ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ನೀರುಗಂಟಿ. ಅವರಿಗೆ ಹತ್ತದ ಕನ್ನಡ ಬರೆದರೆ ಬರೆದದ್ದೇ ದಂಡ.

ಪ್ರಶ್ನೆ ‘ಮಾಕ್ ಡ್ರಿಲ್’ ಬಗ್ಗೆ. ಎಲ್ಲ ಕಡೆ ಇದಕ್ಕೆ ‘ಅಣಕು ಪ್ರದರ್ಶನ’ ಅಂತಲೇ ಇದೆ. ಒಮ್ಮೊಮ್ಮೆ ‘ಅಣಕು ಕಾರ್ಯಾಚರಣೆ’. ನಾನೂ ಕಣ್ಣು ಮುಚ್ಚಿಕೊಂಡು ಅದನ್ನೇ ಬರೆಯುತ್ತಿದ್ದೆ. ಕೃಷ್ಣಾ ದಂಡೆಯ ಒಂದು ಹಳ್ಳಿಗೆ ಹೋಗಿ ಬಂದ ಮೇಲೆ ಕೈ ತಡೆಯುತ್ತಿದೆ.

ಅಲ್ಲಿ ಶಾಲೆಯ ಮೈದಾನದಲ್ಲಿ ಡ್ರಿಲ್ ಇತ್ತು. ಗೇಟಿಗೆ ದೊಡ್ಡ ಬ್ಯಾನರ್: ‘ಪ್ರವಾಹ ರಕ್ಷಣೆ ಅಣಕು ಪ್ರದರ್ಶನ’. ಅಗ್ನಿಶಾಮಕದವರು ಹಗ್ಗ, ಲೈಫ್ ಜಾಕೆಟ್, ಸ್ಟ್ರೆಚರ್ ಇಳಿಸುತ್ತಿದ್ದರು. ವಯಸ್ಸಾದ ಒಬ್ಬ ತಾಯಿ ಮೊಮ್ಮಗಳ ಕೈ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತರು. ಹತ್ತು ನಿಮಿಷ ನೋಡಿ ನನ್ನನ್ನೇ ಕೇಳಿದರು: “ಏನ್ರೀ ಸರ, ಆಟ ಎಷ್ಟ ಹೊತ್ತಿಗೆ ಸುರು ಆಗತೈತಿ?”

ಅವರದ್ದೇನೂ ತಪ್ಪಿಲ್ಲ. ‘ಪ್ರದರ್ಶನ’ ಅಂತ ಬರೆದವರು ನಾವು. ಪ್ರದರ್ಶನ ಅಂದರೆ ನೋಡುವುದು. ಊರಿನವರೆಲ್ಲ ನೋಡಿದರು. ಗಾಯಾಳುವಿನ ಪಾತ್ರ ಹಾಕಿದ ಹುಡುಗ ಸ್ಟ್ರೆಚರ್ ಮೇಲೆ ನಗು ತಡೆಯಲಾಗದೆ ಮಗ್ಗುಲು ತಿರುಗಿದ. ಚಪ್ಪಾಳೆ ಬಿತ್ತು. ಎದ್ದು ಓಡಿ ಎತ್ತರದ ಜಾಗಕ್ಕೆ ಹೋಗಬೇಕಾದವರೇ ಚಪ್ಪಾಳೆ ಹೊಡೆದು ಮನೆಗೆ ಹೋದರು.

ಇನ್ನು ‘ಅಣಕು’. ಇದು ನಮ್ಮದೇ ಮಾತು, ಚೆಂದದ ಮಾತು. ಆದರೆ ಅದರ ಮೈಯಲ್ಲೇ ಗೇಲಿ ಇದೆ. ‘ಏನೋ, ಮೇಷ್ಟ್ರನ್ನ ಅಣಕಿಸ್ತೀಯಾ?’ ಅಂದಾಗ ಬೆನ್ನ ಮೇಲೆ ಏಟು ಬೀಳುವುದು ಬರೀ ಅನುಕರಣೆ ಮಾಡಿದ್ದಕ್ಕಲ್ಲ, ಗೇಲಿ ಮಾಡಿದ್ದಕ್ಕೆ. ಈ ಪದ ಸರಿಯಾಗಿ ಒಪ್ಪುವ ಜಾಗ ನನಗೆ ಕಂಡಂತೆ ಒಂದೇ, ‘ಅಣಕು ಶವಯಾತ್ರೆ’. ಪ್ರತಿಭಟನೆಯಲ್ಲಿ ಹುಲ್ಲಿನ ಗೊಂಬೆ ಹೊತ್ತು ಬಾಯಿ ಬಡಿದುಕೊಂಡು ಹೋಗುತ್ತಾರಲ್ಲ, ಅಲ್ಲಿ ಅನುಕರಣೆಯೂ ಇದೆ, ಗೇಲಿಯೂ ಇದೆ. ‘ಅಣಕು ಸಂಸತ್ತು’ ಕೂಡ ನಡೆಯುತ್ತದೆ ಬಿಡಿ, ಮಕ್ಕಳು ಅಲ್ಲಿ ಸ್ವಲ್ಪ ಗೇಲಿ ಮಾಡಲಿ ಅಂತಲೇ ನನ್ನ ಆಸೆ.

‘ಅಣಕು ಮತದಾನ’ ಎಂಬ ಮಾತನ್ನು ಯಾರೂ ತಪ್ಪು ತಿಳಿಯುವುದಿಲ್ಲವಲ್ಲ ಅಂತ ಗೆಳೆಯರೊಬ್ಬರು ವಾದಿಸಿದರು. ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಏಜೆಂಟರ ಎದುರು ಕನಿಷ್ಠ 50 ಓಟು ಹಾಕಿ ಯಂತ್ರ ನೋಡುತ್ತಾರೆ, ನಿಜ. ಚುನಾವಣೆ ಡ್ಯೂಟಿ ಮಾಡಿದ ನೌಕರರಿಗೆಲ್ಲ ಆ ಪದ ಗೊತ್ತು. ಆದರೆ ಅಲ್ಲಿ ಪರೀಕ್ಷೆ ಆಗುವುದು ಯಂತ್ರ. ಯಂತ್ರಕ್ಕೆ ಪದ ಕೇಳಿಸುವುದಿಲ್ಲ. ಇಲ್ಲಿ ಪರೀಕ್ಷೆ ಆಗಬೇಕಾದವರು ಜನ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣಾ ಡ್ರಿಲ್ ನಡೆದಾಗ ನನ್ನ ಸುತ್ತಮುತ್ತ ಜಾಸ್ತಿ ಕಿವಿಗೆ ಬಿದ್ದದ್ದು ‘ಮಾಕ್ ಡ್ರಿಲ್’ ಅಂತಲೇ.

ಹಾಗಾದರೆ ಬದಲಿಗೆ ಏನು? ‘ಕವಾಯತು’ ಅಂದರೆ ಶಾಲೆಯ ಡ್ರಿಲ್ ಮೇಷ್ಟ್ರು, ಎಡ-ಬಲ ನೆನಪಾಗುತ್ತದೆ. ‘ಪೂರ್ವಾಭ್ಯಾಸ’ ಬಾಯಲ್ಲಿ ನಿಲ್ಲುವುದಿಲ್ಲ. ನನ್ನ ಮನಸ್ಸು ವಾಲಿರುವುದು ‘ತಾಲೀಮು’ ಕಡೆಗೆ.

ಕಾರಣ ದಸರೆ. ಮೈಸೂರಿನಲ್ಲಿ ಆನೆಗಳಿಗೆ ಕೊಡುವುದು ತಾಲೀಮೇ. ಮೊದಲು ಸುಮ್ನೆ ನಡೆಸುತ್ತಾರೆ. ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ. ಆಮೇಲೆ ಮರದ ಅಂಬಾರಿ. ಕೊನೆಗೆ ವಿಜಯದಶಮಿ ದಿನ 750 ಕೆ.ಜಿ.ಯ ಚಿನ್ನದ ಅಂಬಾರಿ. ನಡುವೆ ಕುಶಾಲತೋಪಿನ ತಾಲೀಮು ಬೇರೆ. ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಎದುರಿಗೇ ಫಿರಂಗಿ ಹಾರಿಸುತ್ತಾರೆ. ಮೊದಲ ಸಲ ಒಂದೆರಡು ಬೆದರುತ್ತವೆ. ಮುಂದಿನ ಸಲ ಕಿವಿ ಅಲ್ಲಾಡಿಸಿ ನಿಲ್ಲುತ್ತವೆ. ಡ್ರಿಲ್ ಅಂದರೆ ಇದೇ ಅಲ್ವಾ? ದೊಡ್ಡ ಸದ್ದು ಬರುವ ದಿನಕ್ಕೆ ಮೊದಲೇ ಸದ್ದಿನ ಪರಿಚಯ ಮಾಡಿಸುವುದು. ಅದನ್ನು ಯಾವ ಪತ್ರಿಕೆಯೂ ‘ಆನೆಗಳ ಅಣಕು ಮೆರವಣಿಗೆ’ ಅಂತ ಬರೆದದ್ದು ನಾನು ನೋಡಿಲ್ಲ.

ಪದದ ಬೇರು ಅರಬ್ಬಿಯದು, ‘ಕಲಿಸುವುದು’ ಅನ್ನುವ ಅರ್ಥದ್ದು. ತರಬೇತಿಗೆ ಇನ್ನೂ ಹತ್ತಿರ. ನಾಟಕದವರೂ ಇದನ್ನೇ ಬಳಸುತ್ತಾರೆ, ಆದರೆ ತಾಲೀಮು ನೋಡಲು ಯಾರೂ ಚಾಪೆ ತರುವುದಿಲ್ಲ.

ಒಂದೇ ತೊಡಕು. ಬೆಳಗಾವಿ, ಧಾರವಾಡದ ಕಡೆ ‘ತಾಲೀಮು’ ಅಂದರೆ ಗರಡಿಮನೆ. ಪೈಲ್ವಾನರು ಸಾಮು ಮಾಡುವ ಜಾಗ. ನೆರೆ ಜಾಸ್ತಿ ಬರುವುದೂ ಅದೇ ಸೀಮೆಗೆ. ‘ನಾಳೆ ಪಂಚಾಯಿತಿಯಲ್ಲಿ ನೆರೆ ತಾಲೀಮು ಇದೆ’ ಅಂತ ಡಂಗುರ ಹೊಡೆಸಿದರೆ ಆ ಕಡೆಯವರಿಗೆ ಮೊದಲು ಏನು ಹೊಳೆಯುತ್ತದೆ? ಅಂದಹಾಗೆ ಅಲ್ಲಿ ‘ನೆರೆ’ಯೂ ಕಡಿಮೆ, ‘ಹೊಳಿ ಬಂತು’ ಅನ್ನುವುದೇ ರೂಢಿ. ಆ ಭಾಗದವರು ದಯವಿಟ್ಟು ಹೇಳಿ, ನನಗೆ ಇದೇ ಮುಖ್ಯ.

ಜೊತೆಗೆ ಇನ್ನೊಂದು. ಡ್ರಿಲ್‌ಗೆ ಮೊದಲು ‘ಟೇಬಲ್ ಟಾಪ್’ ಅಂತ ಒಂದು ಹಂತ ಇರುತ್ತದೆ. ಎಲ್ಲರೂ ಊರ ನಕ್ಷೆ ಮುಂದೆ ಕೂತು ಲೆಕ್ಕ ಹಾಕುತ್ತಾರೆ. ಮೇಲಿನ ಜಲಾಶಯದಿಂದ ಎರಡೂವರೆ ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆ, ಬೆಳಗಾಗುವುದರೊಳಗೆ ಸೇತುವೆ ಮುಳುಗುತ್ತದೆ, ಬಾಣಂತಿ ಇರುವ ಮನೆ ಯಾವುದು, ಟ್ರ್ಯಾಕ್ಟರ್ ಯಾರದ್ದು, ಮೊದಲ ಫೋನ್ ಯಾರಿಗೆ ಅಂತ. ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ಇದು ‘ಮೇಜಿನ ಮೇಲಿನ ವ್ಯಾಯಾಮ’ ಆಗಿತ್ತು. ಪಿಡಿಒ ಸಾಹೇಬರು ಮೇಜು ಹತ್ತಿ ದಂಡ ಹೊಡೆಯುವ ಚಿತ್ರ ಕಣ್ಣ ಮುಂದೆ ಬಂದು ಅರ್ಧ ದಿನ ಕೆಲಸ ಸಾಗಲಿಲ್ಲ. ಇದನ್ನು ‘ನಕ್ಷೆ ತಾಲೀಮು’, ಮೈದಾನದ್ದನ್ನು ‘ಬಯಲು ತಾಲೀಮು’ ಅಂದರೆ ಹೇಗೆ?

‘ತುರ್ತು ಪರಿಸ್ಥಿತಿ ನಿರ್ವಹಣೆ’ ಅನ್ನುವುದನ್ನಂತೂ ನಾನು ಆಗಲೇ ಹೊಡೆದು ಹಾಕಿದ್ದೇನೆ. ಹಿಂದಿನ ತರಬೇತಿಯಲ್ಲಿ ಎಪ್ಪತ್ತು ದಾಟಿದ ಸದಸ್ಯರೊಬ್ಬರು “ಇಂದಿರಮ್ಮನ ಕಾಲದ್ದಾ?” ಅಂದರು. 1975 ನೋಡಿದವರಿಗೆ ಆ ಪದಕ್ಕೆ ಬೇರೆ ಅರ್ಥವೇ ಇಲ್ಲ. ‘ತುರ್ತು ಸಮಯ’ ಅಂತ ಬರೆದಿದ್ದೇನೆ, ಸಾಕು.

ರೂಢಿಗೆ ಬಂದದ್ದನ್ನು ಯಾಕೆ ಕೆದಕುತ್ತೀರಿ ಅನ್ನುವವರಿಗೆ ಒಂದು ಮಾತು. ‘ಗಂಜಿ ಕೇಂದ್ರ’ವೂ ರೂಢಿಯಲ್ಲೇ ಇತ್ತು. ಮನೆ ಕಳೆದುಕೊಂಡು ಬಂದವರಿಗೆ ಆ ಹೆಸರೇ ಅವಮಾನ. ರಾಜಕೀಯದಲ್ಲಂತೂ ಅದು ಬೈಗುಳವೇ ಆಯಿತು. ಈಗ ‘ಕಾಳಜಿ ಕೇಂದ್ರ’ ಬಂದಿದೆ. ಮೊದಲು ನನಗೂ ಅದು ಸರ್ಕಾರಿ ಸಕ್ಕರೆ ಮಾತು ಅನ್ನಿಸಿತ್ತು. ಆದರೆ ಈಗ ಹಳ್ಳಿಯವರೇ “ಕಾಳಜಿ ಕೇಂದ್ರದಾಗ ಅದೀವ್ರಿ” ಅನ್ನುವುದನ್ನು ಕೇಳಿದ್ದೇನೆ.

ಕೈಪಿಡಿ ಅಚ್ಚಿಗೆ ಹೋಗಲು ಹತ್ತು ದಿನ ಇದೆ. ಕರಾವಳಿ, ಮಲೆನಾಡಿನವರು ನಿಮ್ಮ ಕಡೆ ಇಂಥದ್ದಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತೀರಿ ಅಂತಲೂ ತಿಳಿಸಿ. ಏನೂ ಸಿಗದಿದ್ದರೆ ‘ಮಾಕ್ ಡ್ರಿಲ್’ ಅಂತಲೇ ಬರೆಯುತ್ತೇನೆ. ‘ಅಣಕು’ ಮಾತ್ರ ಬರೆಯಲಾರೆ.