‘ರೂಮರ್ಸ್’ ಆಲ್ಬಂ: ಹಿನ್ನೆಲೆಯ ಕಥೆಯನ್ನು ಬದಿಗಿಟ್ಟು ಕೇಳಿದರೆ ಉಳಿಯುವುದೇನು?

ಪ್ರಶ್ನೆ:
ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ಸಂಗೀತ ತಂಡದ ‘ರೂಮರ್ಸ್’ 1977ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಒಟ್ಟು 31 ವಾರ ಮೊದಲ ಸ್ಥಾನದಲ್ಲಿದ್ದು, ಮರುವರ್ಷ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಈಚೆಗೆ ಅದನ್ನು ಮತ್ತೆ ಕೇಳತೊಡಗಿದ್ದೇನೆ. ಅದರ ಬಗ್ಗೆ ಎಲ್ಲಿ ಓದಿದರೂ ಹಾಡುಗಳಿಗಿಂತ ಹೆಚ್ಚಾಗಿ ತಂಡದಲ್ಲೇ ಇದ್ದ ಜಾನ್ ಮತ್ತು ಕ್ರಿಸ್ಟೀನ್ ಮ್ಯಾಕ್‌ವೀ ದಂಪತಿಯ ವಿಚ್ಛೇದನ, ತಂಡದ ಇನ್ನೊಂದು ಜೋಡಿಯಾದ ಲಿಂಡ್ಸಿ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ದೂರವಾದದ್ದು, ಇಂಥ ಸಂಗತಿಗಳೇ ಕಣ್ಣಿಗೆ ಬೀಳುತ್ತವೆ. ಇದಾವುದೂ ಗೊತ್ತಿಲ್ಲದವರು ಇಂದು ಮೊದಲ ಸಲ ಕೇಳಿದರೆ ಈ ಆಲ್ಬಂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆಯೇ? ಇಷ್ಟು ನುಣುಪಾದ ಸಂಗೀತದಲ್ಲಿ ಕಿವಿಗೊಡಬೇಕಾದದ್ದು ಯಾವುದಕ್ಕೆ?

ಉತ್ತರ 1:
ಖಂಡಿತ ನಿಲ್ಲುತ್ತದೆ, ಅದನ್ನು ನಿಲ್ಲಿಸುವುದು ಲಯ. ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ಗಿಟಾರ್ ನುಡಿಸುವ ಜಾನ್ ಮ್ಯಾಕ್‌ವೀ 1967ರಿಂದಲೇ, ಅಂದರೆ ತಂಡವು ಲಂಡನ್ನಿನಲ್ಲಿ ಬ್ಲೂಸ್ ನುಡಿಸುತ್ತಿದ್ದ ಕಾಲದಿಂದಲೇ, ಜೊತೆಗಿದ್ದವರು. ‘ಡ್ರೀಮ್ಸ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಹಾಡು ಬಹುಮಟ್ಟಿಗೆ ಎರಡೇ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ನಡುವೆ ಓಡಾಡುತ್ತದೆ, ಬೇಸ್ ಕೂಡ ಅವೆರಡನ್ನೇ ಹಿಡಿದು ನಡೆಯುತ್ತದೆ. ಆದರೂ ಎಲ್ಲಿಯೂ ಬೇಸರವಾಗದಿರುವುದಕ್ಕೆ ಆ ಲಯ ಎಳ್ಳಷ್ಟೂ ಅವಸರಪಡದಿರುವುದು, ಗಿಟಾರಿನ ನಾದ ಮೆಲ್ಲಗೆ ಉಬ್ಬಿ ಇಳಿಯುವುದು ಮತ್ತು ಪಲ್ಲವಿಯಲ್ಲಿ ಮಾತ್ರ ಉಳಿದ ಕಂಠಗಳು ಬಂದು ಸೇರುವುದು ಕಾರಣ. ಅಮೆರಿಕದಲ್ಲಿ ಈ ತಂಡಕ್ಕೆ ಮೊದಲ ಸ್ಥಾನ ತಂದುಕೊಟ್ಟ ಏಕೈಕ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಹಾಡು) ಇದು.

ಉತ್ತರ 2:
ಲಯದ ಬಗೆಗಿನ ಮಾತನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಕಥೆಯನ್ನು ಅಷ್ಟು ಸುಲಭವಾಗಿ ಬದಿಗಿಡಲು ನನಗೆ ಮನಸ್ಸಿಲ್ಲ. ‘ಯು ಮೇಕ್ ಲವಿಂಗ್ ಫನ್’ ಎಂಬುದು ಕ್ರಿಸ್ಟೀನ್ ತಮ್ಮ ಹೊಸ ಪ್ರೀತಿಯ ಕುರಿತು ಬರೆದ ಹಾಡು, ಅದಕ್ಕೆ ಬೇಸ್ ನುಡಿಸಿದವರು ಅವರಿಂದ ಬೇರ್ಪಟ್ಟ ಗಂಡ. ನಿಕ್ಸ್ ಅವರನ್ನು ಕುರಿತೇ ಬಕಿಂಗ್‌ಹ್ಯಾಮ್ ಬರೆದ ‘ಗೋ ಯುವರ್ ಓನ್ ವೇ’ ಹಾಡಿಗೆ ನಿಕ್ಸ್ ಅವರೇ ದನಿಗೂಡಿಸಿದ್ದಾರೆ. ಇದನ್ನು ತಿಳಿದು ಕೇಳಿದಾಗ ನನ್ನನ್ನು ಬೆರಗುಗೊಳಿಸುವುದು ಅವರ ಜಗಳವಲ್ಲ, ಆ ಜಗಳದ ಸುಳಿವು ಕೂಡ ನುಡಿಸಾಣಿಕೆಯಲ್ಲಿ ಸಿಗದಿರುವುದು. ಯಾರೂ ತಮ್ಮ ಪಾಲನ್ನು ಅರೆಮನಸ್ಸಿನಿಂದ ಮುಗಿಸಿ ಎದ್ದುಹೋಗಿಲ್ಲ.

ಉತ್ತರ 3:
ನುಣುಪು ಎಂಬ ಮಾತು ಬಂದುದರಿಂದ ಧ್ವನಿಮುದ್ರಣದ ಬಗ್ಗೆ ಹೇಳಲೇಬೇಕು. ಕೆಲಸ ಹೆಚ್ಚಾಗಿ ನಡೆದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಸಾಸಲಿಟೋದಲ್ಲಿದ್ದ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ. ತಂಡದ ಜೊತೆ ಕೆನ್ ಕಾಲೇ ಮತ್ತು ರಿಚರ್ಡ್ ಡ್ಯಾಶಟ್ ನಿರ್ಮಾಪಕರಾಗಿದ್ದರು. ಒಂದರ ಮೇಲೊಂದು ವಾದ್ಯ, ಕಂಠಗಳನ್ನು ಸೇರಿಸುತ್ತಾ ಮೂಲ ಟೇಪನ್ನು ಎಷ್ಟು ಸಲ ಓಡಿಸಿದರೆಂದರೆ ಅದು ಸವೆದು, ಡ್ರಮ್ಸಿನ ಸದ್ದು ಮಂಕಾಯಿತು. ಅದೃಷ್ಟವಶಾತ್ ಮೂಲ ನುಡಿಸಾಣಿಕೆಯ ಇನ್ನೊಂದು ಟೇಪು ಉಳಿದಿತ್ತು. ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸಿ, ಕಿವಿಯಿಂದಲೇ ಆಲಿಸಿ ವೇಗವನ್ನು ಹೊಂದಿಸುತ್ತಾ, ಹೊಸದಾಗಿ ಸೇರಿಸಿದ್ದನ್ನೆಲ್ಲ ಅದಕ್ಕೆ ವರ್ಗಾಯಿಸಲಾಯಿತು. ಇಂದು ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಆಗುವ ಕೆಲಸಕ್ಕೆ ಅಂದು ಬೇಕಾದ ತಾಳ್ಮೆಯನ್ನು ಊಹಿಸಿಕೊಂಡರೆ ಆ ನುಣುಪಿನ ಬಗ್ಗೆ ಗೌರವ ಹುಟ್ಟುತ್ತದೆ. ‘ಸಾಂಗ್‌ಬರ್ಡ್’ ಹಾಡಿಗಂತೂ ಸ್ಟುಡಿಯೋವನ್ನೇ ಬಿಟ್ಟು ಬರ್ಕ್ಲಿಯ ಝೆಲರ್‌ಬಾಕ್ ಸಭಾಂಗಣಕ್ಕೆ ಹೋದರು. ಕ್ರಿಸ್ಟೀನ್ ಅವರ ಪಿಯಾನೋ ಸುತ್ತ ಕೇಳುವ ವಿಶಾಲವಾದ ಗುಂಗು ಆ ಖಾಲಿ ಸಭಾಂಗಣದ್ದು.

ಮೊದಲು ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಕೆಲವು ಆವೃತ್ತಿಗಳಲ್ಲಿ ‘ಸಿಲ್ವರ್ ಸ್ಪ್ರಿಂಗ್ಸ್’ ಎಂಬ ಇನ್ನೊಂದು ಹಾಡಿದೆ. ಯಾವುದನ್ನು ಕೇಳುವುದು ಸೂಕ್ತ?

ಉತ್ತರ 3:
ಮೊದಲಿಗೆ 1977ರ 11 ಹಾಡುಗಳ ಕ್ರಮದಲ್ಲೇ ಕೇಳಿ. ‘ಸಿಲ್ವರ್ ಸ್ಪ್ರಿಂಗ್ಸ್’ ನಿಕ್ಸ್ ಅವರ ರಚನೆ. ಎಲ್‌ಪಿಯಲ್ಲಿ (ಎರಡು ಬದಿಯ ಗ್ರಾಮಫೋನ್ ತಟ್ಟೆಯಲ್ಲಿ) ಜಾಗ ಸಾಲದೆ ಅದನ್ನು ಕೈಬಿಟ್ಟು, ‘ಗೋ ಯುವರ್ ಓನ್ ವೇ’ ಸಿಂಗಲ್ ತಟ್ಟೆಯ ಹಿಂಬದಿಗೆ ಹಾಕಿದರು. 2004ರ ಮರುಬಿಡುಗಡೆಯಲ್ಲಿ ಅದು ಆಲ್ಬಂಗೆ ಸೇರಿತು. ನನ್ನ ಮಟ್ಟಿಗೆ ಅದು ಉಳಿದ ಹಲವು ಹಾಡುಗಳಿಗಿಂತ ಮೇಲು. ಆದರೆ ‘ಸಾಂಗ್‌ಬರ್ಡ್’ ಮುಗಿದು ಎಲ್‌ಪಿ ಮಗುಚಿದ ಕೂಡಲೇ ಐವರೂ ಸೇರಿ ರಚಿಸಿದ ‘ದಿ ಚೈನ್’ ಆರಂಭವಾಗುವಂತೆ ಮೂಲ ಕ್ರಮವನ್ನು ಹೊಂದಿಸಲಾಗಿತ್ತು, ಆ ತಿರುವನ್ನು ಕಳೆದುಕೊಳ್ಳಬಾರದು. ‘ಸಿಲ್ವರ್ ಸ್ಪ್ರಿಂಗ್ಸ್’ ಅನ್ನು ಆಮೇಲೆ ಬೇರೆಯಾಗಿಯೇ ಕೇಳಿ.