ಸಹಾಯ ಬೇಕು: ಹೊಸ ಕೇಪಿನ ಕೋವಿ ನೋಡಿಕೊಡುವವರು ಮಂಗಳೂರು, ಉಡುಪಿಯಲ್ಲಿ ಯಾರಿದ್ದಾರೆ?

ನಮಸ್ಕಾರ. ನಮ್ಮದು ಹೆಬ್ರಿ ಹತ್ತಿರ ಅಡಿಕೆ ತೋಟ, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವಂಥದ್ದು). ಅಜ್ಜನ ಕಾಲದ್ದು ಸವೆದುಹೋಯಿತೆಂದು ಫ್ಯಾಕ್ಟರಿಯ ಹೊಸತು ತಗೊಂಡೆವು. ಕೆಲಸ ನೋಡಿದರೆ ಬೇಸರ ಬರುತ್ತದೆ. ಹ್ಯಾಮರ್ ಕೇಪು ಕೂರಿಸುವ ನಿಪ್ಪಲಿನ ಮೇಲೆ ನೇರ ಕೂರುವುದಿಲ್ಲ, ಒಂದು ಬದಿಗೆ ಬೀಳುತ್ತದೆ. ಕೇಪು ಒಮ್ಮೆ ಸಿಡಿದರೆ ಒಮ್ಮೆ ಇಲ್ಲ. ಹಿಡಿಯ ಮರ ಸರಿಯಾಗಿ ಒಣಗಿಸದ್ದೇನೋ, ಮಳೆಗಾಲದಲ್ಲಿ ಉಬ್ಬಿ ಲಾಕಿನ (ಹ್ಯಾಮರ್ ನಡೆಸುವ ಭಾಗ) ಹತ್ತಿರ ಬಿರುಕು ಬಿಟ್ಟಿದೆ.

ಇದೆಲ್ಲ ಹೋಗಲಿ. ಹಾಫ್ ಕಾಕ್‌ನಲ್ಲಿ (ಅರ್ಧ ಎಳೆದಿಟ್ಟ ಸುರಕ್ಷಿತ ಸ್ಥಿತಿ) ಗಟ್ಟಿಯಾಗಿ ನಿಲ್ಲಬೇಕಾದ ಹ್ಯಾಮರ್, ಖಾಲಿ ಕೋವಿಯಲ್ಲಿ ನೋಡುವಾಗ, ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದರೆ ಜಾರುತ್ತದೆ! ಮದ್ದು ತುಂಬಿ ಕೇಪು ಇಟ್ಟಿದ್ದಾಗ ಹೀಗಾದರೆ ದೇವರೇ ಗತಿ. ಹಾಗಾಗಿ ಈಗ ಹಂದಿ ಓಡಿಸಲು ಪಟಾಕಿಯೇ.

ಅಂಗಡಿಯವರು "ಈಗ ಬರುವುದೆಲ್ಲ ಹೀಗೇ ಮಾರಾಯ್ರೆ" ಅಂದು ಕೈತೊಳೆದುಕೊಂಡರು. ಅಜ್ಜನ ಕೋವಿಯ ಲಾಕು ಇವತ್ತಿಗೂ ಟಕ್ ಅಂತ ನಿಲ್ಲುತ್ತದೆ, ನಳಿಗೆ ಮಾತ್ರ ತುಕ್ಕು.

ಲಾಕ್ ಬಿಚ್ಚಿ, ಹ್ಯಾಮರ್ ಹಿಡಿದು ನಿಲ್ಲಿಸುವ ಟಂಬ್ಲರ್, ಸಿಯರ್ ಸರಿಮಾಡಬಲ್ಲ ಲೈಸೆನ್ಸ್ ಇರುವ ಗನ್‌ಸ್ಮಿತ್ ಯಾರಾದರೂ ಗೊತ್ತಾ? ಲೈಸೆನ್ಸ್ ಇಲ್ಲದ ಕುಲುಮೆಯವರ ಹೆಸರು ದಯವಿಟ್ಟು ಬೇಡ, 1959ರ ಆಯುಧ ಕಾಯ್ದೆ ಇದೆ. ರಿಪೇರಿಗೆ ಕೊಡುವಾಗ ಠಾಣೆಗೆ ಏನು ಬರೆದುಕೊಟ್ಟಿರಿ, ಕೊಟ್ಟವರು ಹೇಳಿ.